ಕೂತು ಚಾ ಕುಡಿಯುವವರಿಗೂ ಪೇಪರ್ ಕಪ್ ಯಾಕೆ? ಶಿರಸಿ, ಕಾರವಾರ, ಕರಾವಳಿಯವರು ಹೇಳಿ

ದೇವಿಕೆರೆ ದಂಡೆ (ಶಿರಸಿ)

ಎಲ್ಲರಿಗೂ ನಮಸ್ಕಾರ. ಸುಮಾರು ದಿನದಿಂದ ಮನಸ್ಸಿನಲ್ಲಿದ್ದ ವಿಷಯ, ಇವತ್ತು ಬರೆದೇ ಬಿಡುತ್ತೇನೆ.

ಶಿರಸಿ ಪೇಟೆಯಲ್ಲಿ ನಾನು ಹೈಸ್ಕೂಲಿನ ದಿನದಿಂದ ಹೋಗುವ ಒಂದು ಹೋಟೆಲ್ ಇದೆ. ಹೆಸರು ಬೇಡ. ಅಪ್ಪ ಅಡಿಕೆ ಮಾರಿದ ದಿನ ನನ್ನನ್ನು ಅಲ್ಲಿಗೇ ಕರೆದುಕೊಂಡು ಹೋಗುತ್ತಿದ್ದರು. ಬೆಂಚು ಅದೇ, ಬನ್ಸ್ ಅದೇ, ಚಾದ ರುಚಿಯೂ ಅದೇ. ಆದರೆ ಮೊನ್ನೆ ಕೂತಾಗ ಚಾ ಬಂದದ್ದು ಪೇಪರ್ ಕಪ್ಪಿನಲ್ಲಿ. "ಗ್ಲಾಸಿನಲ್ಲಿ ಕೊಡಿ" ಅಂದೆ. "ಗ್ಲಾಸೆಲ್ಲ ಅಟ್ಟಕ್ಕೆ ಹಾಕಿ ಆಯ್ತು ಮಾರಾಯ್ರೆ, ಈಗ ಎಲ್ಲರಿಗೂ ಇದೇ" ಅಂದರು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಒಂದು ತಾಸು ಅಲ್ಲೇ ಕೂತೆ. ಕೈ ತೊಳೆಯುವ ಬೇಸಿನ್ ಕೆಳಗಿನ ಡಬ್ಬಿ ಎರಡು ಸಲ ತುಂಬಿತು. ತುಂಬಿದಾಗೆಲ್ಲ ಒಬ್ಬ ಹುಡುಗ ಬಂದು, ಕಾಲು ಒಳಗಿಟ್ಟು, ತುಳಿದು ಜಾಗ ಮಾಡುತ್ತಿದ್ದ. ತಳದಲ್ಲಿ ಉಳಿದ ಚಾ ಅವನ ಪಾದಕ್ಕೆ ಸಿಡಿಯುತ್ತಿತ್ತು. ಅದರಲ್ಲಿ ಮುಕ್ಕಾಲು ಪಾಲು ಕಪ್ ಅದೇ ಬೆಂಚಿನ ಮೇಲೆ ಕೂತು ಕುಡಿದವರದ್ದು. ಎದ್ದು ಎಲ್ಲಿಗೂ ಒಯ್ದವರದ್ದಲ್ಲ.

ನಾನು ಕೇಳುವುದು ಇಷ್ಟೇ. ಪಾರ್ಸೆಲ್ ಒಯ್ಯುವವರಿಗೆ ಪೇಪರ್ ಕಪ್ ಕೊಡಲಿ, ಬೇಡ ಅನ್ನುವುದಿಲ್ಲ. ಅಂಗಡಿಯಲ್ಲೇ ಕೂತೋ ನಿಂತೋ ಕುಡಿಯುವವರಿಗೆ ಗ್ಲಾಸು ಕೊಡಬೇಕು, ಇಲ್ಲದಿದ್ದರೆ ಸ್ಟೀಲ್ ಲೋಟ. ನಿಮ್ಮ ಊರಿನಲ್ಲಿ ಹೇಗಿದೆ? ಹೋಟೆಲ್ ನಡೆಸುವವರು ಇಲ್ಲಿದ್ದರೆ ಅವರೂ ಹೇಳಿ.

ಘಟ್ಟದ ಬಸ್ಸು (ಕುಮಟಾ)

ಪೂರ್ತಿ ಒಪ್ಪಿಗೆ. ಇನ್ನೊಂದು ಸೇರಿಸುತ್ತೇನೆ. ಪೇಪರ್ ಕಪ್ ಬಂದ ಮೇಲೆ ಚಾ ಅಳತೆಯೇ ಸಣ್ಣದಾಯಿತು. ಮೊದಲು ಬೈಟು ಅಂತ ಕೇಳಿದರೆ ಸಿಗುತ್ತಿದ್ದಷ್ಟು ಈಗ ಫುಲ್ ಚಾ. ದೇವಿಮನೆ ಘಟ್ಟ ಇಳಿಯುವಾಗ ರಸ್ತೆ ಬದಿ ನೋಡಿ. ಮಳೆಗಾಲ ಶುರುವಾಗುವ ಮೊದಲು ಚರಂಡಿಯಲ್ಲಿ ಬಿಳಿ ಬಿಳಿ ಕಾಣುವುದೆಲ್ಲ ಕಪ್. ಮೊದಲ ದೊಡ್ಡ ಮಳೆಗೆ ಒಂದೂ ಇರುವುದಿಲ್ಲ. ಎಲ್ಲಿಗೆ ಹೋಯಿತು ಅಂತ ಬೇರೆ ಹೇಳಬೇಕಾ?

ಕೋಡಿಬಾಗ ಗಾಳಿ (ಕಾರವಾರ)

ನಾನು ಪೇಪರ್ ಕಪ್ ಕಡೆಯವಳು. ಬೈಯುವ ಮೊದಲು ಕಾರಣ ಕೇಳಿ.

ನಾಲ್ಕು ವರ್ಷದ ಹಿಂದೆ ನನಗೆ ಕಾಮಾಲೆ ಆಯಿತು. ಹೆಪಟೈಟಿಸ್ ಎ. ಒಂದೂವರೆ ತಿಂಗಳು ಗಂಜಿ ಬಿಟ್ಟರೆ ಬೇರೆ ಏನೂ ಹೊಟ್ಟೆಗೆ ಹಿಡಿಸಲಿಲ್ಲ. ಹೊಲಸು ನೀರು, ಆಹಾರದಿಂದ ಹರಡುವ ಕಾಯಿಲೆ ಅಂತ ಡಾಕ್ಟರು ಹೇಳಿದರು. ಆಮೇಲೆ ನಾನು ಚಾದಂಗಡಿಯ ಬಕೇಟು ನೋಡಲು ಶುರು ಮಾಡಿದೆ. ನೀವೂ ಒಮ್ಮೆ ನೋಡಿ. ಬೆಳಿಗ್ಗೆ ತುಂಬಿದ ನೀರು ಹನ್ನೊಂದು ಗಂಟೆಗೆ ಚಾದ ಬಣ್ಣಕ್ಕೇ ತಿರುಗಿರುತ್ತದೆ. ಅದರಲ್ಲೇ ಗ್ಲಾಸು ಅದ್ದಿ, ಎರಡು ಬೆರಳು ಒಳಗೆ ಹಾಕಿ ತಿರುಗಿಸಿ, ಕೊಡವಿ ಮುಂದಿನವರಿಗೆ ಕೊಡುತ್ತಾರೆ.

ಪೇಪರ್ ಕಪ್ ಅಂದರೆ ನನಗೆ ಒಂದು ಧೈರ್ಯ. ನನಗಿಂತ ಮೊದಲು ಇದನ್ನು ಯಾರೂ ಬಾಯಿಗಿಟ್ಟಿಲ್ಲ ಅನ್ನುವ ಧೈರ್ಯ.

ಹೆದ್ದಾರಿ ಚಾದಂಗಡಿ (ಅಂಕೋಲಾ)

ಅಂಗಡಿಯವರೂ ಹೇಳಿ ಅಂದಿರಿ, ಅದಕ್ಕೆ ಬರೆಯುತ್ತಿದ್ದೇನೆ. 66ನೇ ಹೆದ್ದಾರಿ ಬದಿಯಲ್ಲಿ ನನ್ನದು ಸಣ್ಣ ಅಂಗಡಿ. ದಿನಕ್ಕೆ ನಾನೂರು ಚಾ ಹೋಗುತ್ತದೆ. ರಜೆ ದಿನ ಇನ್ನೂ ಜಾಸ್ತಿ.

ನಮಗೆ ಕಪ್ ಒಂದಕ್ಕೆ 55 ಪೈಸೆ ಬೀಳುತ್ತದೆ. ನಾನೂರಕ್ಕೆ 220 ರೂಪಾಯಿ. ಗ್ಲಾಸು ತೊಳೆಯಲು ಒಬ್ಬರನ್ನು ಇಟ್ಟರೆ 500 ರೂಪಾಯಿ, ಮೇಲೆ ಊಟ ತಿಂಡಿ. ಕೊಡುತ್ತೇನೆ ಅಂದರೂ ಜನ ಸಿಗುವುದಿಲ್ಲ. ನಮ್ಮಲ್ಲಿ ಗ್ಲಾಸು ತೊಳೆಯುತ್ತಿದ್ದವರು ಹನ್ನೆರಡು ವರ್ಷ ಇದ್ದರು. ಕೈ ಬೆರಳಿನ ಸಂದು ಸದಾ ಬೆಳ್ಳಗೆ ನೀರು ತಿಂದಿರುತ್ತಿತ್ತು. ಮಳೆಗಾಲದಲ್ಲಿ ಬಿರಿದು ರಕ್ತ ಬರುತ್ತಿತ್ತು. ಅವರು ಬಿಟ್ಟು ಹೋದ ವಾರವೇ ನಾನು ಪೇಪರ್ ಕಪ್ ತಂದೆ. ಸುಳ್ಳು ಹೇಳುವುದಿಲ್ಲ, ಆ ದಿನ ನನಗೂ ಹಗುರ ಅನ್ನಿಸಿತು.

ನೀರಿನ ಕಥೆ ಬೇರೆ. ಘಟ್ಟದ ಮೇಲಿನವರಿಗೆ ಇದು ಗೊತ್ತಾಗಲಿಕ್ಕಿಲ್ಲ. ಸಮುದ್ರದ ಹತ್ತಿರದ ಬಾವಿ ಹೋಳಿ ಕಳೆದ ಮೇಲೆ ಉಪ್ಪಾಗಲು ಶುರು. ಏಪ್ರಿಲ್, ಮೇ ತಿಂಗಳಲ್ಲಿ ಟ್ಯಾಂಕರ್ ನೀರು ಕೊಂಡು ಚಾ ಮಾಡುತ್ತೇವೆ. ಕೊಂಡ ನೀರಿನಲ್ಲಿ ಗ್ಲಾಸು ತೊಳೆಯಿರಿ ಅಂದರೆ ಹೇಗೆ? ಗ್ಲಾಸು ಒಡೆಯುವುದು, ಲಾರಿಯವರು ಮರೆತು ಕ್ಯಾಬಿನ್ನಿಗೇ ಒಯ್ಯುವುದು, ಅದೆಲ್ಲ ನಾನು ಲೆಕ್ಕಕ್ಕೇ ಹಿಡಿದಿಲ್ಲ.

ಸರಕಾರಿ ದವಾಖಾನೆ ಅಕ್ಕ (ಹೊನ್ನಾವರ)

ಕೋಡಿಬಾಗದ ತಂಗೀ, ನಿನ್ನ ಹೆದರಿಕೆ ಸರಿಯಾದದ್ದೇ. ನಾನು ನರ್ಸ್. ಕಾಮಾಲೆಯವರನ್ನು ಮಳೆಗಾಲದಲ್ಲಿ ನೋಡುತ್ತಲೇ ಇರುತ್ತೇನೆ. ಆ ಬಕೇಟಿನಲ್ಲಿ ಅದ್ದಿದ ಗ್ಲಾಸಿಗಿಂತ ಪೇಪರ್ ಕಪ್ ವಾಸಿ, ಅನುಮಾನ ಇಲ್ಲ.

ಆದರೆ ಪೇಪರ್ ಕಪ್ ಬರೀ ಪೇಪರ್ ಅಂತ ತಿಳಿಯಬೇಡ. ಬರೀ ಕಾಗದದಲ್ಲಿ ಚಾ ಹಾಕಿದರೆ ನಿಲ್ಲುತ್ತದಾ? ಒಳಗಡೆ ತೆಳ್ಳಗೆ ಪ್ಲಾಸ್ಟಿಕ್ ಪದರ ಅಂಟಿಸಿರುತ್ತಾರೆ, ಸಾಮಾನ್ಯವಾಗಿ ಪಾಲಿಥಿನ್. ಕುಡಿದಾದ ಮೇಲೆ ಕಪ್ಪನ್ನು ನೀರಿನಲ್ಲಿ ನೆನೆಹಾಕಿ. ಕಾಗದ ಮೆತ್ತಗಾದ ಮೇಲೆ ನಿಧಾನಕ್ಕೆ ಸುಲಿದರೆ ಹಾವಿನ ಪೊರೆ ಥರ ಒಂದು ಹಾಳೆ ಕೈಗೆ ಬರುತ್ತದೆ. ನನ್ನ ಮಗನಿಗೆ ಮಾಡಿ ತೋರಿಸಿದ್ದೇನೆ.

ಖರಗ್‌ಪುರದ ಐಐಟಿಯವರು 2020ರಲ್ಲಿ ಇದನ್ನೇ ಪರೀಕ್ಷೆ ಮಾಡಿದ್ದರು. 85ರಿಂದ 90 ಡಿಗ್ರಿ ಬಿಸಿ ಇರುವ 100 ಮಿಲಿಲೀಟರ್ ನೀರನ್ನು 15 ನಿಮಿಷ ಪೇಪರ್ ಕಪ್ಪಿನಲ್ಲಿ ಇಟ್ಟರು. ಸುಮಾರು 25,000 ಸಣ್ಣ ಪ್ಲಾಸ್ಟಿಕ್ ಕಣ ಆ ನೀರಿಗೆ ಬಿಟ್ಟುಕೊಂಡಿತ್ತು. ದಿನಕ್ಕೆ ಮೂರು ಕಪ್ ಅಂದರೆ 75,000. ನಾವು 15 ನಿಮಿಷ ಚಾ ಹಿಡಿದುಕೊಂಡು ಕೂರುವುದಿಲ್ಲ, ಐದು ನಿಮಿಷದಲ್ಲಿ ಮುಗಿಸುತ್ತೇವೆ. ಹಾಗಾಗಿ ಅಷ್ಟೂ ಕಣ ಹೊಟ್ಟೆಗೆ ಹೋಗುತ್ತದೆ ಅಂತ ನಾನು ಹೆದರಿಸುವುದಿಲ್ಲ. ಆದರೆ "ಪೇಪರ್ ಕಪ್ ಪೂರ್ತಿ ಕ್ಲೀನ್" ಅನ್ನುವ ಮಾತನ್ನೂ ಒಪ್ಪಲಾರೆ. ಸಂಜೆ ಕಸಕ್ಕೆ ಬೆಂಕಿ ಕೊಡುವವರು ಸುಡುವುದೂ ಆ ಪ್ಲಾಸ್ಟಿಕ್ಕನ್ನೇ. ಹೊಗೆ ಬರುವುದು ಅಕ್ಕಪಕ್ಕದ ಮನೆಗೆ.

ಕೋಡಿಬಾಗ ಗಾಳಿ (ಕಾರವಾರ)

ಅಕ್ಕಾ, ಒಳಗೆ ಪ್ಲಾಸ್ಟಿಕ್ ಇರುವುದು ನಿಜವಾಗಲೂ ಗೊತ್ತಿರಲಿಲ್ಲ. ಮೇಣ ಹಚ್ಚಿರುತ್ತಾರೆ ಅಂದುಕೊಂಡಿದ್ದೆ. ಪ್ಲಾಸ್ಟಿಕ್ ಲೋಟ ಬಂದ್ ಆಗಿದೆ ಅಲ್ವಾ, ಮತ್ತೆ ಇದು ಹೇಗೆ ನಡೆಯುತ್ತಿದೆ?

ನಿವೃತ್ತ ಮಾಸ್ತರು (ಶಿರಸಿ)

ಅದಕ್ಕೆ ನಾನು ಹೇಳುತ್ತೇನೆ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚ ಬಂದ್ ಆದದ್ದು 2016ರಲ್ಲಿ. ದೇಶಕ್ಕೆಲ್ಲ ಆದದ್ದು 2022ರ ಜುಲೈ 1ರಿಂದ. ಆದರೆ ಕೇಂದ್ರದ ಆ ಪಟ್ಟಿಯಲ್ಲಿ ಪೇಪರ್ ಕಪ್ ಹೆಸರಿಲ್ಲ. ಪ್ಲಾಸ್ಟಿಕ್ ಲೋಟದ ಜಾಗಕ್ಕೆ ಇದು ಬಂದು ಕೂತಿತು. ತಮಿಳುನಾಡಿನವರು ಹಾಗೆ ಬಿಡಲಿಲ್ಲ. 2019ರ ಜನವರಿ 1ರಿಂದ ಅಲ್ಲಿ ಬಂದ್ ಮಾಡಿದ ಪಟ್ಟಿಯಲ್ಲಿ ಪ್ಲಾಸ್ಟಿಕ್ ಪದರದ ಪೇಪರ್ ಕಪ್ ಕೂಡ ಇದೆ.

ಗ್ಲಾಸು ಮಾಡಲಿಕ್ಕೂ ಕುಲುಮೆ ಉರಿಯಬೇಕು, ತೊಳೆಯಲಿಕ್ಕೂ ಖರ್ಚು, ಹಾಗಾಗಿ ಎರಡೂ ಒಂದೇ ಅನ್ನುವವರು ಇದ್ದಾರೆ. ಕೆನಡಾದ ಮಾರ್ಟಿನ್ ಹಾಕಿಂಗ್ ಎಂಬ ರಸಾಯನಶಾಸ್ತ್ರಜ್ಞರು 1994ರಲ್ಲೇ ಇದರ ಲೆಕ್ಕ ಹಾಕಿದ್ದರು. ಮಾಡಲು ಬೇಕಾದ ಶಕ್ತಿ, ಯಂತ್ರದಲ್ಲಿ ತೊಳೆಯಲು ಬೇಕಾದ ಶಕ್ತಿ ಎರಡನ್ನೂ ಹಿಡಿದರು. ಪೇಪರ್ ಕಪ್ಪಿಗೆ ಸರಿದೂಗಲು ಗಾಜಿನ ಲೋಟವನ್ನು 15 ಸಲ ಬಳಸಬೇಕು, ಪಿಂಗಾಣಿ ಕಪ್ಪನ್ನು 39 ಸಲ. ಮನೆಯಲ್ಲಿ ಒಂದು ಕಪ್ 39 ಸಲ ಬಳಸಲು ತಿಂಗಳು ಬೇಕು. ಆದರೆ ಚಾದಂಗಡಿಯ ಗ್ಲಾಸು ದಿನಕ್ಕೆ ಎಷ್ಟು ಕೈ ತಿರುಗುತ್ತದೆ ಹೇಳಿ? ಎರಡು ದಿನದೊಳಗೆ ಅದರ ಸಾಲ ತೀರಿತು. ಆಮೇಲೆ ಒಡೆಯುವವರೆಗೆ ಲಾಭವೇ.

ಹಾಳೆ ತಟ್ಟೆ (ಸಿದ್ದಾಪುರ)

ನಮ್ಮ ಊರಿನ ಅಡಿಕೆ ಹಾಳೆಯಲ್ಲೇ ಕಪ್ ಮಾಡಬಹುದಲ್ಲ? ತಟ್ಟೆ, ಬಟ್ಟಲು ಆಗಲೇ ಮಾಡುತ್ತಿದ್ದೇವೆ.

ಹೆದ್ದಾರಿ ಚಾದಂಗಡಿ (ಅಂಕೋಲಾ)

ತಂದು ನೋಡಿದ್ದೇನೆ. ಅವಲಕ್ಕಿಗೆ, ಉಸಳಿಗೆ ಬಹಳ ಚೆನ್ನಾಗಿದೆ. ಚಾ ಹಾಕಿದರೆ ಹಾಳೆಯ ವಾಸನೆ ಬಿಟ್ಟುಕೊಳ್ಳುತ್ತದೆ. ಕಪ್ ಥರ ಆಳ ಬರುವುದಿಲ್ಲ, ಬಟ್ಟಲ ಅಂಚಿನಿಂದ ಕುಡಿಯುವಾಗ ಅಂಗಿ ಮೇಲೆ ಸುರಿಯುತ್ತದೆ. ಬೆಲೆಯೂ ಜಾಸ್ತಿ.

ಕೆರೆ ಆಚೆ

ಊರಿನ ಹೆಸರು ಹಾಕಿಲ್ಲ, ಬೇಕೆಂದೇ. ನಾನು ಹೇಳುವುದು ಸ್ವಲ್ಪ ಬೇರೆ.

ನನ್ನ ಅಜ್ಜನಿಗೆ ಹೋಟೆಲ್ ಒಳಗೆ ಹೋಗಲು ಬಿಡುತ್ತಿರಲಿಲ್ಲ. ಹೊರಗೆ ಮಾಡಿನ ಕೆಳಗೆ ಕೂರಿಸಿ ಕರಟದಲ್ಲಿ ಚಾ ಹೊಯ್ಯುತ್ತಿದ್ದರು. ಅಪ್ಪನ ಕಾಲಕ್ಕೆ ಗ್ಲಾಸು ಬಂತು. ಆದರೆ ಬೇರೆ ಗ್ಲಾಸು. ಗೋಡೆಯ ಗೂಡಿನಲ್ಲಿ ಎರಡು ಇಟ್ಟಿರುತ್ತಿದ್ದರು. ಕುಡಿದವರೇ ತೊಳೆದು ಕವುಚಿ ಇಡಬೇಕು. ಹೋಟೆಲಿನ ಪಾತ್ರೆ ಬಳಸದಂತೆ ತಡೆಯುವುದು ಅಪರಾಧ ಅಂತ ಅಸ್ಪೃಶ್ಯತೆ ವಿರುದ್ಧದ 1955ರ ಕಾಯ್ದೆಯಲ್ಲೇ ಇದೆ. ಅಪ್ಪ ಆ ಗೂಡಿನ ಗ್ಲಾಸಿನಲ್ಲಿ ಕುಡಿದದ್ದು ಕಾಯ್ದೆ ಬಂದು ಎಷ್ಟೋ ವರ್ಷ ಆದ ಮೇಲೆ.

ಪೇಪರ್ ಕಪ್ ಬಂದಾಗ ಅಪ್ಪನಿಗೆ ಎಷ್ಟು ಸಮಾಧಾನ ಆಯಿತು ಅಂದರೆ, ಈಗಲೂ ಅವರು ಎಲ್ಲಿಗೆ ಹೋದರೂ ಅದನ್ನೇ ಕೇಳುತ್ತಾರೆ. ಎಲ್ಲರ ಕೈಯಲ್ಲೂ ಒಂದೇ ಕಪ್. ಗೂಡಿನ ಕಡೆ ನೋಡಬೇಕಾಗಿಲ್ಲ. ಗ್ಲಾಸು ಬಿಟ್ಟದ್ದಕ್ಕೆ ಬೇಸರ ಮಾಡಿಕೊಳ್ಳುವವರು ಇದನ್ನೂ ತಿಳಿದಿರಲಿ ಅಂತ ಹೇಳಿದೆ.

ನಾನು ಮಾತ್ರ ಗ್ಲಾಸನ್ನೇ ಕೇಳುತ್ತೇನೆ. ನಾನು ಕುಡಿದ ಗ್ಲಾಸು ತೊಳೆದು ಇನ್ನೊಬ್ಬರ ಕೈಗೆ ಹೋಗಬೇಕು. ಅವರು ಕುಡಿದದ್ದು ನನ್ನ ಕೈಗೆ ಬರಬೇಕು. ಎಸೆಯುವ ಕಪ್ಪಿನಲ್ಲಿ ಆ ಪ್ರಶ್ನೆ ಮುಚ್ಚಿಹೋಗುತ್ತದೆ, ತೀರುವುದಿಲ್ಲ. ಕೋಡಿಬಾಗದ ಅಕ್ಕ ಬರೆದದ್ದು ಕಾಯಿಲೆ ಬಗ್ಗೆ, ಅದು ನನಗೆ ಅರ್ಥ ಆಗಿದೆ. ಆದರೂ "ನನಗಿಂತ ಮೊದಲು ಯಾರೂ ಬಾಯಿಗಿಟ್ಟಿಲ್ಲ" ಅಂತ ಓದಿದಾಗ ಅಪ್ಪ ನೆನಪಾದರು. ಗ್ಲಾಸು ವಾಪಸ್ ತರುವಾಗ ಎಲ್ಲರಿಗೂ ಒಂದೇ ಸಾಲಿನಿಂದ ತೆಗೆದುಕೊಡಿ. ನನ್ನ ಬೇಡಿಕೆ ಅದೊಂದೇ.

ಕೋಡಿಬಾಗ ಗಾಳಿ (ಕಾರವಾರ)

ಎರಡು ಸಲ ಓದಿದೆ ಅಣ್ಣಾ. ಆ ಮಾತು ಬರೆಯುವಾಗ ನಾನು ಹೀಗೆ ಯೋಚಿಸಿರಲಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ನನಗೆ ಹೆದರಿಕೆ ಇರುವುದು ಆ ಬಕೇಟಿನ ಬಗ್ಗೆ, ಮನುಷ್ಯರ ಬಗ್ಗೆ ಅಲ್ಲ. ನನ್ನ ಕಣ್ಣೆದುರು ಸರಿಯಾಗಿ ತೊಳೆದು ಕೊಟ್ಟರೆ ನಾನೂ ಗ್ಲಾಸಿನಲ್ಲೇ ಕುಡಿಯುತ್ತೇನೆ.

ದೇವಿಕೆರೆ ದಂಡೆ (ಶಿರಸಿ)

ಕೆರೆ ಆಚೆಯವರೇ, ಬರೆದದ್ದಕ್ಕೆ ಬಹಳ ಉಪಕಾರ. ನಾನು ಅಪ್ಪನ ಜೊತೆ ಒಳಗೆ ಬೆಂಚಿನ ಮೇಲೆ ಕೂತ ನೆನಪು ಬರೆದೆ. ಆಗ ಹೊರಗೆ ಯಾರು ನಿಂತಿದ್ದರು ಅಂತ ನಾನು ನೋಡಿಯೇ ಇರಲಿಲ್ಲ.

ಓಂ ಬೀಚ್ ಕೆಲಸ (ಗೋಕರ್ಣ)

ನಾನು ಕೆಫೆಯಲ್ಲಿ ಕಾಫಿ ಮಾಡುವ ಕೆಲಸದಲ್ಲಿ ಇದ್ದೇನೆ. ಮೊದಲು ಇದ್ದ ಜಾಗದಲ್ಲಿ 180 ರೂಪಾಯಿಯ ಕಾಪುಚಿನೋ ಕೂಡ ಪೇಪರ್ ಕಪ್ಪಿಗೇ ಹಾಕುತ್ತಿದ್ದೆವು, ಮೇಲೆ ಮುಚ್ಚಳ. ಜನ ಎರಡು ತಾಸು ಸಮುದ್ರ ನೋಡುತ್ತಾ ಕೂರುತ್ತಿದ್ದರು. ಅವರಿಗೆ ಪಾರ್ಸೆಲ್ ಕಪ್ ಯಾಕೆ ಅಂತ ನಾನೂ ಕೇಳಿದ್ದೆ.

ಕಾಫಿಯ ಅರ್ಧ ರುಚಿ ಮೂಗಿನಲ್ಲಿ ಇರುತ್ತದೆ. ಮುಚ್ಚಳದ ಸಣ್ಣ ತೂತಿನಿಂದ ಹೀರಿದರೆ ಪರಿಮಳ ಬರುವುದೇ ಇಲ್ಲ. ಕಪ್ಪಿನ ಜೋಡಿನ ಗೆರೆ ತುಟಿಗೆ ತಾಗುತ್ತದೆ, ಒದ್ದೆ ರಟ್ಟಿನ ವಾಸನೆ ಬೇರೆ. ಪಿಂಗಾಣಿ ಮಗ್ ದಪ್ಪ. ಆದರೆ ತಣ್ಣಗಿರುವ ಮಗ್ಗಿಗೆ ಹೊಯ್ದರೆ ಅದೇ ಬಿಸಿ ಎಳೆದುಕೊಳ್ಳುತ್ತದೆ. ಹಾಗಾಗಿ ಮಗ್‌ಗಳನ್ನು ಮೆಷಿನ್ ಮೇಲೆ ಕವುಚಿ ಬೆಚ್ಚಗೆ ಇಟ್ಟಿರುತ್ತೇವೆ. ಬೆಚ್ಚಗಿನ ಮಗ್ಗಿನಲ್ಲಿ ಹಾಲಿನ ನೊರೆ ಎಷ್ಟೋ ಹೊತ್ತು ನಿಲ್ಲುತ್ತದೆ. ಈಗ ಇರುವ ಜಾಗದಲ್ಲಿ ಕೂತವರಿಗೆಲ್ಲ ಮಗ್ಗೇ. ಒಂದು ಸೀಸನ್ನಿಗೆ ಏಳೆಂಟು ಒಡೆಯುತ್ತದೆ, ಅಷ್ಟೇ.

ಅಡುಗೆಮನೆ ಕಿಟಕಿ (ಸಿದ್ದಾಪುರ)

ಓದುತ್ತಾ ಬಂದೆ. ಎಲ್ಲರೂ ತೊಳೆಯುವುದರ ಹತ್ತಿರ ಬಂದು ನಿಲ್ಲುತ್ತಿದ್ದೀರಿ, ಅದಕ್ಕೆ ಬರೆಯುತ್ತೇನೆ. ನಾವು ಐದು ಜನ ಹೆಂಗಸರು ಸಂಘದಿಂದ ಒಂದು ಕ್ಯಾಂಟೀನು ನಡೆಸುತ್ತೇವೆ. ಚಾ, ಕಷಾಯ, ಮಜ್ಜಿಗೆ, ಎಲ್ಲ ಗ್ಲಾಸಿನಲ್ಲೇ. ಮೊದಲ ತಿಂಗಳು ನಾವೂ ಒಂದೇ ಬಕೇಟು ಇಟ್ಟಿದ್ದೆವು, ಸುಳ್ಳು ಯಾಕೆ. ಒಂದು ದಿನ ನಾನೇ ಗ್ಲಾಸು ಮೂಸಿ ನೋಡಿದೆ. ಹಳಸಿದ ಹಾಲಿನ ವಾಸನೆ. ಆವತ್ತೇ ಬದಲಾಯಿಸಿದೆವು.

ಈಗ ಮಾಡುವುದು ಹೀಗೆ. ಗ್ಲಾಸಿನಲ್ಲಿ ಉಳಿದ ಚಾ ಮೊದಲು ಬೇರೆ ಡಬ್ಬಿಗೆ ಚೆಲ್ಲಬೇಕು. ಎಲ್ಲಕ್ಕಿಂತ ಮುಖ್ಯ ಇದು. ನೀರು ಕೆಡುವುದೇ ಆ ಹಾಲು ಸಕ್ಕರೆಯಿಂದ. ಆಮೇಲೆ ಮೂರು ಟಬ್. ಮೊದಲನೆಯದರಲ್ಲಿ ಬೆಚ್ಚಗಿನ ಸೋಪಿನ ನೀರು, ಬ್ರಷ್ ಹಾಕಿ ತಿಕ್ಕುವುದು. ಅಂಚನ್ನು ಹೊರಗಿನಿಂದಲೂ ತಿಕ್ಕಬೇಕು, ತುಟಿ ತಾಗುವುದು ಅಲ್ಲೇ. ಎರಡನೆಯದರಲ್ಲಿ ಸೋಪು ಹೋಗುವಂತೆ ಜಾಲಿಸುವುದು. ಮೂರನೆಯದು ಕೈ ಹಾಕಲು ಆಗದಷ್ಟು ಬಿಸಿ ನೀರು. ಗ್ಲಾಸುಗಳನ್ನು ತಂತಿ ಬುಟ್ಟಿಯಲ್ಲಿ ಇಟ್ಟು ಮುಳುಗಿಸಿ ಎತ್ತುವುದು. ತಣ್ಣೀರಿನಿಂದ ಎತ್ತಿ ತಕ್ಷಣ ಅಷ್ಟು ಬಿಸಿಗೆ ಹಾಕಿದರೆ ಗಾಜು ಸೀಳುತ್ತದೆ. ಅದಕ್ಕೇ ಎರಡನೆಯ ಟಬ್ಬಿನ ನೀರೂ ಬೆಚ್ಚಗಿರಲಿ. ಬಿಸಿ ನೀರಿಗೆ ಬೇರೆ ಒಲೆ ಹಚ್ಚುವುದಿಲ್ಲ. ಚಾ ಒಲೆಯ ಹಿಂದೆಯೇ ಒಂದು ದೊಡ್ಡ ತಪ್ಪಲೆ ಕೂತಿರುತ್ತದೆ.

ಬಟ್ಟೆಯಿಂದ ಒರೆಸಲೇಬೇಡಿ. ಇಡೀ ಅಂಗಡಿಯಲ್ಲಿ ಎಲ್ಲಕ್ಕಿಂತ ಹೊಲಸು ಇರುವುದು ಆ ಬಟ್ಟೆ. ಬಿಸಿ ನೀರಿನಿಂದ ಎತ್ತಿ ಕವುಚಿ ಇಟ್ಟರೆ ತಾನೇ ಆರುತ್ತದೆ.

ಅಂಕೋಲೆಯ ಅಣ್ಣಾ, ನೀರಿನ ಲೆಕ್ಕ ನಾನು ಅಳೆದು ನೋಡಿದ್ದೇನೆ. ನಮ್ಮಲ್ಲಿ ನೂರು ಗ್ಲಾಸಿಗೆ 40 ಲೀಟರ್ ಹತ್ತಿರ ಆಗುತ್ತದೆ. ಮೂರನೇ ಟಬ್ಬಿನ ನೀರು ಆರಿದ ಮೇಲೆ ಚೆಲ್ಲುವುದಿಲ್ಲ, ಅದಕ್ಕೇ ಸೋಪು ಹಾಕಿ ಮೊದಲನೇ ಟಬ್ ಮಾಡುತ್ತೇವೆ. ಇನ್ನು ಕೈ ಬಿರಿಯುವುದರ ಬಗ್ಗೆ. ನಮ್ಮಲ್ಲಿ ಒಬ್ಬರೇ ದಿನವಿಡೀ ತೊಳೆಯುವುದಿಲ್ಲ. ಎರಡು ತಾಸಿಗೊಮ್ಮೆ ಬದಲು, ಕೈಗೆ ರಬ್ಬರ್ ಗ್ಲೌಸ್.

ಹೆದ್ದಾರಿ ಚಾದಂಗಡಿ (ಅಂಕೋಲಾ)

ನಾನೂರು ಗ್ಲಾಸಿಗೆ 160 ಲೀಟರ್. ಒಂದು ಡ್ರಮ್ಮೂ ಆಗಲಿಲ್ಲ. ನಾನು ಐದಾರು ಪಟ್ಟು ಅಂದಾಜು ಮಾಡಿದ್ದೆ ಅಕ್ಕಾ. ಆದರೂ ನನಗೆ ನಾಲ್ಕು ಜನ ಇಲ್ಲ, ನಾನು ಮತ್ತು ಹೆಂಡತಿ ಇಬ್ಬರೇ. ಬೆಳಿಗ್ಗೆ ಏಳರಿಂದ ಹತ್ತು ಗಂಟೆವರೆಗೆ ರಷ್ ಇರುತ್ತದೆ, ಆಗ ಆಗಲಿಕ್ಕಿಲ್ಲ. ಮಧ್ಯಾಹ್ನದ ಮೇಲೆ ಬರುವವರು ನಿಧಾನಕ್ಕೆ ಕೂತು ಕುಡಿಯುವವರು. ಅವರಿಗೆ ಗ್ಲಾಸು ಶುರು ಮಾಡಿ ನೋಡುತ್ತೇನೆ. ಎಲ್ಲರಿಗೂ ಒಂದೇ ಸಾಲಿನಿಂದ, ಅದರಲ್ಲಿ ಎರಡು ಮಾತಿಲ್ಲ.

ಘಟ್ಟದ ಬಸ್ಸು (ಕುಮಟಾ)

ಜಾತ್ರೆಗೆ ಏನು ಮಾಡುವುದು? ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಬರುವವರು ಲಕ್ಷಗಟ್ಟಲೆ. ಅಲ್ಲಿ ಗ್ಲಾಸು ಆಗುವ ಮಾತಾ?

ನಿವೃತ್ತ ಮಾಸ್ತರು (ಶಿರಸಿ)

ಜಾತ್ರೆ ಕಷ್ಟ, ಒಪ್ಪುತ್ತೇನೆ. ಆದರೂ ದಾರಿ ಇಲ್ಲದೇ ಇಲ್ಲ. ಬೆಂಗಳೂರಿನಲ್ಲಿ ಅದಮ್ಯ ಚೇತನದವರು ತಟ್ಟೆ ಬ್ಯಾಂಕ್ ನಡೆಸುತ್ತಾರೆ, ಸಮಾರಂಭಗಳಿಗೆ ಸ್ಟೀಲ್ ತಟ್ಟೆ ಲೋಟ ಕೊಡುತ್ತಾರೆ. ನಮ್ಮಲ್ಲೂ ಮದುವೆ ಮುಂಜಿಗೆ ದೇವಸ್ಥಾನದ ಪಾತ್ರೆ ತಂದು, ತೊಳೆದು, ಎಣಿಸಿ ವಾಪಸ್ ಕೊಡುವುದು ಹೊಸದಲ್ಲ. ಐರ್ಲೆಂಡಿನಲ್ಲಿ ಕಿಲ್ಲಾರ್ನಿ ಅಂತ ಒಂದು ಊರಿದೆ, ಗೋಕರ್ಣದ ಹಾಗೆ ಪ್ರವಾಸಿಗರ ಮೇಲೇ ನಡೆಯುವ ಊರು. 2023ರ ಜುಲೈಯಿಂದ ಅಲ್ಲಿನ ಕಾಫಿ ಅಂಗಡಿಯವರು ಸೇರಿ ಎಸೆಯುವ ಕಪ್ ಬಿಡಲು ಶುರು ಮಾಡಿದರು. ಎರಡು ಯೂರೋ ಠೇವಣಿ ಇಟ್ಟು ಕಪ್ ಒಯ್ಯಬಹುದು, ವಾಪಸ್ ಕೊಟ್ಟರೆ ದುಡ್ಡು ವಾಪಸ್. ನಾವು ಸೋಡಾ ಬಾಟಲಿಗೆ ಠೇವಣಿ ಇಡುತ್ತಿದ್ದೆವಲ್ಲ, ಅದೇ ಕ್ರಮ. ಒಂದೇ ಅಂಗಡಿಯವರು ಮಾಡಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಅಲ್ಲಿ ನಡೆದದ್ದು ಅಂಗಡಿಯವರು ಒಟ್ಟಾಗಿ ಮಾಡಿದ್ದಕ್ಕೆ.

ದೇವಿಕೆರೆ ದಂಡೆ (ಶಿರಸಿ)

ಹತ್ತು ದಿನದ ಮೇಲೆ ಬರೆಯುತ್ತಿದ್ದೇನೆ. ಆ ಹೋಟೆಲಿಗೆ ಮತ್ತೆ ಹೋಗಿದ್ದೆ. ಮಧ್ಯಾಹ್ನ ಮೂರು ಗಂಟೆ, ಗಿರಾಕಿ ಕಡಿಮೆ. ನಿಮ್ಮೆಲ್ಲರ ಮಾತನ್ನು ಫೋನಿನಲ್ಲಿ ಓದಿ ಹೇಳಿದೆ. ಯಜಮಾನರು ಸುಮ್ನೆ ಕೇಳುತ್ತಿದ್ದರು. ಮೂರು ಟಬ್ಬಿನ ವಿಷಯ ಬಂದಾಗ ಒಳಗಿನಿಂದ ಅವರ ಮನೆಯವರು ಬಂದು ನಿಂತು, "ಅದನ್ನು ಇನ್ನೊಂದು ಸಲ ಓದಿ" ಅಂದರು.

ನಿನ್ನೆ ಅಟ್ಟದಿಂದ ಗ್ಲಾಸು ಇಳಿಸಿದ್ದಾರೆ. ಐದು ಡಜನ್ ಇತ್ತು, ಅದರಲ್ಲಿ ಒಂಬತ್ತಕ್ಕೆ ಅಂಚು ಹೋಗಿತ್ತು, ತೆಗೆದು ಹಾಕಿದರು. ತೊಳೆಯುವ ಜಾಗ ಮೊದಲು ಹಿತ್ತಲಲ್ಲಿತ್ತು. ಈಗ ಗಲ್ಲೆಯ ಪಕ್ಕಕ್ಕೇ ತಂದಿದ್ದಾರೆ, ಬಂದವರಿಗೆಲ್ಲ ಕಾಣುತ್ತದೆ. ಕೋಡಿಬಾಗದ ತಂಗಿ ಹೇಳಿದ ಮಾತು ಅವರಿಗೆ ಹಿಡಿಸಿತು. ಚಾಗೆ ಒಂದು ರೂಪಾಯಿ ಜಾಸ್ತಿ ಮಾಡಿದ್ದಾರೆ, ಅದು ತೊಳೆಯುವವರ ಸಂಬಳಕ್ಕೆ ಅಂತ ಬೋರ್ಡಿನಲ್ಲೇ ಬರೆದಿದ್ದಾರೆ. ಡಬ್ಬಿ ತುಳಿಯುತ್ತಿದ್ದ ಹುಡುಗ ನಿನ್ನೆ ಬ್ರಷ್ ಹಿಡಿದು ನಿಂತಿದ್ದ, ಕೈಯಲ್ಲಿ ನೀಲಿ ಗ್ಲೌಸ್.

ಈಗ ಒಂದು ಸಹಾಯ ಬೇಕು. ಗ್ಲಾಸು ಕವುಚಿ ಇಡುವ ತಂತಿ ಸ್ಟ್ಯಾಂಡ್ ಹಳೆಯದು ಗುಜರಿಗೆ ಹೋಗಿದೆ. ಪೇಟೆಯಲ್ಲಿ ಸಿಕ್ಕಿದ್ದು ಸಣ್ಣದು, ಹನ್ನೆರಡೇ ಹಿಡಿಯುತ್ತದೆ. ಮಾಡಿಸಬೇಕು. ಅಳತೆ ಯಾರಿಗಾದರೂ ಗೊತ್ತಾ?

ಅಡುಗೆಮನೆ ಕಿಟಕಿ (ಸಿದ್ದಾಪುರ)

ನಮ್ಮದನ್ನು ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಿದ್ದು. ಸ್ಟೀಲ್ ತಂತಿಯೇ ಆಗಬೇಕು, ಕಬ್ಬಿಣಕ್ಕೆ ಬಣ್ಣ ಹೊಡೆದದ್ದು ಒಂದೇ ಮಳೆಗಾಲಕ್ಕೆ ತುಕ್ಕು. ತಂತಿಯ ಸಂದು ಗ್ಲಾಸಿನ ಬಾಯಿಗಿಂತ ಅರ್ಧ ಇಂಚು ಕಡಿಮೆ ಇರಲಿ, ಇಲ್ಲದಿದ್ದರೆ ಗ್ಲಾಸು ಜಾರಿ ಬೀಳುತ್ತದೆ. ಕಾಲು ನಾಲ್ಕು ಇಂಚು ಎತ್ತರ, ಅಡಿಯಲ್ಲಿ ಗಾಳಿ ಆಡಬೇಕು. ಹೋಗುವಾಗ ಒಂದು ಗ್ಲಾಸು ಜೊತೆಗೇ ಒಯ್ಯಿರಿ. ನಾಳೆ ನಮ್ಮದರ ಫೋಟೋ ಹಾಕುತ್ತೇನೆ.